ವಂಶಾವಳಿಯೊಳಗಿನ ಅವ್ವನ ಮಾತು

ಒಂದು ಸಣ್ಣ ಪರೀಕ್ಷೆ. ಕಾಗದ, ಪೆನ್ನು ತೆಗೆದುಕೊಳ್ಳಿ. ನಿಮ್ಮ ಹೆಸರು ಬರೆಯಿರಿ. ಅದರ ಮೇಲೆ ಅಪ್ಪನ ಹೆಸರು, ಅದರ ಮೇಲೆ ಮುತ್ಯಾನ ಹೆಸರು, ಅದರ ಮೇಲೆ ಮುತ್ಯಾನ ಅಪ್ಪನ ಹೆಸರು ಬರೆಯಿರಿ. ಹೆಚ್ಚಿನವರ ಪೆನ್ನು ಇಲ್ಲಿಗೆ ನಿಲ್ಲುತ್ತದೆ. ಈಗ ಪಕ್ಕದಲ್ಲಿ ಇನ್ನೊಂದು ಸಾಲು ಮಾಡಿ: ಅವ್ವ, ಅವ್ವನ ಅವ್ವ, ಅವಳ ಅವ್ವ. ಇಲ್ಲಿ ಪೆನ್ನು ಇನ್ನೂ ಬೇಗ ನಿಲ್ಲುತ್ತದೆ.

ಬೀದರ್ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಮುಡಬಿಯಲ್ಲಿ ಬಹಳ ವರ್ಷ ನಾನು ಮಕ್ಕಳಿಗೆ ಕನ್ನಡ ಕಲಿಸಿದೆ. ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ತೆರೆದು ಹೆಸರು ಕೂಗುವುದು ನನ್ನ ಮೊದಲ ಕೆಲಸ. ಬಸವರಾಜ, ಇಸ್ಮಾಯಿಲ್, ಸಮುವೇಲ, ತಿಪ್ಪಣ್ಣ, ಹಾಜಿರಾ, ಅಕ್ಕಮಹಾದೇವಿ ಹೀಗೆ ಒಂದೇ ಪುಟದಲ್ಲಿ ಎಲ್ಲರೂ ಇರುತ್ತಿದ್ದರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಟೀಚರ್ ಕ್ರೈಸ್ತ ಮನೆತನದವರು. ಅವರ ಮನೆಯ ಸತ್ಯವೇದವನ್ನು, ಅಂದರೆ ಕನ್ನಡ ಬೈಬಲನ್ನು, ಒಮ್ಮೆ ತಿರುವಿ ಹಾಕುತ್ತಿದ್ದಾಗ ಪುಟಗಟ್ಟಲೆ ಬರೀ ಹೆಸರುಗಳು ಕಂಡವು. "ಅಲ್ಲಿ ನಾವೂ ಹಾಳಿ ದಾಟಿಸ್ತೀವ್ರಿ, ಅಷ್ಟು ಹೆಸರು ಯಾರ್ ಓದ್ತಾರ?" ಎಂದು ಅವರು ನಕ್ಕರು.

ಹಾಜರಿ ಪುಸ್ತಕ ಓದಿ ರೂಢಿಯಾದ ನನಗೆ ಹಾಳೆ ದಾಟಿಸಲು ಮನಸ್ಸಾಗಲಿಲ್ಲ. ಅಂದಿನಿಂದ ಆ ಹೆಸರುಗಳ ಅರ್ಥ ಹುಡುಕುವುದು ನನಗೊಂದು ಹವ್ಯಾಸವಾಯಿತು. ಹಾಗೆ ಕಂಡದ್ದನ್ನು ಈ ವಾರ ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಎತ್ತಿನ ಮೇಲೆ ಬರುವ ವಂಶಾವಳಿ

ವಂಶದ ಹೆಸರುಗಳನ್ನು ಕಾಯ್ದಿಡುವುದು ನಮ್ಮ ಉತ್ತರ ಕರ್ನಾಟಕಕ್ಕೆ ಹೊಸ ವಿಷಯವೇನಲ್ಲ. ಅದನ್ನೇ ಕಾಯಕ ಮಾಡಿಕೊಂಡ ಹೆಳವರು ನಮ್ಮಲ್ಲಿದ್ದಾರೆ. ಎತ್ತಿನ ಮೇಲೆ ಕುಳಿತು ಊರಿಗೆ ಬರುವ ಹೆಳವರು ಮನೆಯ ಮುಂದೆ ನಿಂತು ಆ ಮನೆತನದ ಮೂಲ ಊರು ಯಾವುದು, ಯಾರ ಮಗ ಯಾರು, ಯಾವ ಕಾಲಕ್ಕೆ ಯಾವ ಊರಿಗೆ ಬಂದರು ಎಂದು ಹೇಳುತ್ತಾರೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಳ್ಳುತ್ತಾರೆ. ಮನೆಯವರು ಕೊಟ್ಟ ಕಾಳುಕಡಿ ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಗ್ರಂಥದಲ್ಲಿ ಬಳ್ಳಾರಿ ಸೀಮೆಯ ಹೆಳವರ ವರ್ಣನೆ ಇದೆ. ಅವರು ಕಾಲು ಕಾಣದಂತೆ ಕಂಬಳಿ ಹೊದ್ದು ಎತ್ತಿನ ಮೇಲೆ ಬರುತ್ತಿದ್ದರು, ಊರಿನ ಚರಿತ್ರೆಯೆಲ್ಲ ಅವರ ಬಾಯಲ್ಲಿತ್ತು ಎಂದು ಅದರಲ್ಲಿ ಬರೆದಿದೆ.

ಹಳೆಯ ಇಸ್ರಾಯೇಲರಿಗೆ ಬೈಬಲಿನ ಈ ಪಟ್ಟಿಗಳು ಹೆಳವರ ಖಾತೆ ಪುಸ್ತಕದ ಹಾಗೆ. ಆದಿಕಾಂಡದ 5ನೇ ಅಧ್ಯಾಯದಲ್ಲಿ ಆದಾಮನಿಂದ ನೋಹನವರೆಗೆ ಹತ್ತು ತಲೆಮಾರು ಇದೆ. ಪೂರ್ವಕಾಲವೃತ್ತಾಂತ ಎಂಬ ಪುಸ್ತಕದ ಮೊದಲ ಒಂಬತ್ತು ಅಧ್ಯಾಯಗಳಲ್ಲಿ ಹೆಚ್ಚಿನ ಪಾಲು ಹೆಸರುಗಳೇ. ಹೊಸ ಒಡಂಬಡಿಕೆಯ ಮತ್ತಾಯನ ಪುಸ್ತಕ ಶುರುವಾಗುವುದೂ ವಂಶಾವಳಿಯಿಂದಲೇ. ಯಾರಿಗೆ ಯಾವ ಹೊಲ ಸೇರಬೇಕು, ಯಾರು ಯಾವ ಕುಲದವರು, ಪೂಜೆಯ ಕೆಲಸ ಯಾರ ಹಕ್ಕು ಎಂಬುದೆಲ್ಲ ಈ ಪಟ್ಟಿಗಳ ಮೇಲೆ ನಿಂತಿತ್ತು. ಹೆಸರು ಬಿಟ್ಟುಹೋದರೆ ಹೊಲವೂ ಬಿಟ್ಟುಹೋದಂತೆ.

ಹೆಸರಲ್ಲ, ಇಡೀ ವಾಕ್ಯ

ಹೀಬ್ರೂ ಹೆಸರುಗಳ ಗುಟ್ಟು ಏನೆಂದರೆ, ಅವುಗಳಲ್ಲಿ ಅನೇಕವು ಬರೀ ಹೆಸರಲ್ಲ, ಒಂದೊಂದು ಪುಟ್ಟ ವಾಕ್ಯ. 'ಏಲ್' ಎಂದರೆ ದೇವರು. ಮೀಕಾಯೇಲ ಎಂದರೆ 'ದೇವರಂತೆ ಯಾರಿದ್ದಾರೆ?' ದಾನಿಯೇಲ ಎಂದರೆ 'ದೇವರು ನನ್ನ ನ್ಯಾಯಾಧೀಶ'. ಕೊನೆಯಲ್ಲಿ ಬರುವ 'ಯಾ' ಅಥವಾ 'ಯ' ಯೆಹೋವ ಎಂಬುದರ ಚಿಕ್ಕ ರೂಪ. ಜಕರ್ಯ ಎಂದರೆ 'ಯೆಹೋವನು ನೆನಪಿಟ್ಟುಕೊಂಡಿದ್ದಾನೆ'. ನಮ್ಮ ಶಿವಶರಣಪ್ಪ, ಗುರುನಾಥ, ದೇವೇಂದ್ರಪ್ಪಗಳಲ್ಲೂ ದೇವರಿದ್ದಾನೆ. ಆದರೆ ಅಲ್ಲಿ ಕ್ರಿಯಾಪದ ಇಲ್ಲ. ಹೀಬ್ರೂ ಹೆಸರಿನಲ್ಲಿ ದೇವರು ಕೇಳುತ್ತಾನೆ, ನೋಡುತ್ತಾನೆ, ಕೊಡುತ್ತಾನೆ.

ಆ ವಾಕ್ಯವನ್ನು ಆಡುವವರು ಯಾರು? ಬಹಳ ಕಡೆ ಅವ್ವನೇ. ಯಾಕೋಬನ ಮನೆಯ ಕತೆ ನೋಡಿ. ಅವನಿಗೆ ಲೇಯಾ, ರಾಹೇಲ ಎಂಬ ಅಕ್ಕತಂಗಿಯರು ಹೆಂಡಂದಿರು. ಅವನಿಗೆ ತಂಗಿ ರಾಹೇಲಳ ಮೇಲೆ ಪ್ರೀತಿ. ಅಕ್ಕ ಲೇಯಾಳನ್ನು ಅವಳ ತಂದೆ ಮೋಸದಿಂದ ಗಂಟು ಹಾಕಿದ್ದ. ಗಂಡನ ಪ್ರೀತಿ ಕಾಣದ ಲೇಯಾ ತನ್ನ ಮನಸ್ಸಿನ ಮಾತನ್ನು ಮಕ್ಕಳ ಹೆಸರಿನಲ್ಲಿ ಹೇಳುತ್ತಾ ಹೋದಳು.

ಮೊದಲ ಮಗ ರೂಬೇನ್: 'ನೋಡಿರಿ, ಮಗ!' ನನ್ನ ಕಷ್ಟವನ್ನು ದೇವರು ನೋಡಿದ, ಇನ್ನಾದರೂ ಗಂಡ ಪ್ರೀತಿಸಿಯಾನು ಎಂಬ ಆಸೆ ಅದರಲ್ಲಿದೆ. ಎರಡನೆಯವನು ಸಿಮೆಯೋನ್: 'ಕೇಳಿಸಿಕೊಂಡ'. ನಾನು ಬೇಡವಾದವಳು ಎಂಬುದು ದೇವರಿಗೆ ಕೇಳಿಸಿತು ಎಂದು ಅರ್ಥ. ಮೂರನೆಯವನು ಲೇವಿ: 'ಕೂಡಿಕೊಳ್ಳುವುದು'. ಈಗಲಾದರೂ ಗಂಡ ನನ್ನೊಂದಿಗೆ ಕೂಡಿಕೊಂಡಾನು. ನಾಲ್ಕನೆಯವನು ಯೆಹೂದ: 'ಸ್ತುತಿ'. ಈ ಸಲ ಅವಳು ಗಂಡನ ಮಾತೇ ಎತ್ತಲಿಲ್ಲ. ದೇವರನ್ನು ಕೊಂಡಾಡುತ್ತೇನೆ ಎಂದಳು, ಅಷ್ಟೆ.

ನಾಲ್ಕು ಹೆಸರುಗಳನ್ನು ಸಾಲಾಗಿ ಓದಿದರೆ ಒಬ್ಬ ಹೆಂಗಸಿನ ಹಲವು ವರ್ಷಗಳ ಸಂಸಾರ ಕಣ್ಣಮುಂದೆ ಬರುತ್ತದೆ. ಮುಂದೆ ಈ ಹೆಸರುಗಳು ಕುಲಗಳ ಹೆಸರಾದವು. ಯೆಹೂದದಿಂದಲೇ ಯೆಹೂದ್ಯರು ಎಂಬ ಮಾತು ಬಂತು. ಒಂದು ಇಡೀ ಜನಾಂಗದ ಹೆಸರು, ದುಃಖವನ್ನು ದಾಟಿದ ಒಬ್ಬ ಅವ್ವ ಆಡಿದ ಮಾತು!

ಪ್ರಾಣಿ, ಪಕ್ಷಿಗಳ ಹೆಸರಿಗೂ ಕೊರತೆಯಿಲ್ಲ. ರಾಹೇಲ ಎಂದರೆ ಹೆಣ್ಣು ಕುರಿ. ಕುರಿ ಕಾಯುವವರ ಮನೆಯಲ್ಲಿ ಅದು ಮುದ್ದಿನ ಹೆಸರೇ. ದೆಬೋರ ಎಂದರೆ ಜೇನುಹುಳ, ಯೋನ ಎಂದರೆ ಪಾರಿವಾಳ, ತಾಮಾರ್ ಎಂದರೆ ಖರ್ಜೂರದ ಮರ. ನಗಬೇಡಿ ಮಕ್ಕಳೇ, ನಮ್ಮ 'ಬಸವ' ಎಂಬುದೂ ಸಂಸ್ಕೃತದ 'ವೃಷಭ'ದಿಂದ ಬಂದ ತದ್ಭವ. ಬಸವ ಎಂದರೆ ಎತ್ತು.

ಒಂದೇ ಬೇರು, ಮೂರು ಮನೆ

ಹೀಬ್ರೂ, ಅರಬ್ಬಿ ಭಾಷೆಗಳು ಅಕ್ಕತಂಗಿಯರಿದ್ದಂತೆ. ಎರಡರಲ್ಲೂ ಶಬ್ದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಬೇರಿನಿಂದ ಚಿಗುರುತ್ತವೆ. ಹೀಬ್ರೂವಿನ ಶ-ಲ-ಮ ಬೇರಿನಿಂದ ಶಾಂತಿ ಎಂಬರ್ಥದ 'ಶಾಲೋಮ್' ಬಂತು, ಸೊಲೊಮೋನ ಎಂಬ ಅರಸನ ಹೆಸರು ಬಂತು. ಅರಬ್ಬಿಯಲ್ಲಿ ಅದೇ ಬೇರು ಸ-ಲ-ಮ. ಅದರಿಂದ ಸಲಾಂ, ಸಲೀಂ, ಸಲ್ಮಾ ಬಂದವು. ಸೊಲೊಮೋನನೇ ಅಲ್ಲಿ ಸುಲೇಮಾನ್.

ನನ್ನ ಹಾಜರಿ ಪುಸ್ತಕದ ಇಸ್ಮಾಯಿಲ್ ಸತ್ಯವೇದದ ಇಷ್ಮಾಯೇಲನೇ: 'ದೇವರು ಕೇಳುತ್ತಾನೆ'. ಬೈಬಲಿನ ಕತೆಯಲ್ಲಿ ಬಸುರಿ ಹಾಗರಳು ಯಜಮಾನತಿಯ ಕಾಟ ತಾಳದೆ ಅಡವಿಗೆ ಓಡಿಹೋದಾಗ ದೇವದೂತ ಬಂದು ನಿನ್ನ ಸಂಕಟ ದೇವರಿಗೆ ಕೇಳಿಸಿದೆ, ಮಗನಿಗೆ ಈ ಹೆಸರಿಡು ಎನ್ನುತ್ತಾನೆ. ಆ ಹಾಗರಳೇ ಮುಸ್ಲಿಂ ಮನೆಗಳ ಹಾಜಿರಾ. ಸಿಮೆಯೋನ್ ಮತ್ತು ಇಷ್ಮಾಯೇಲ ಎರಡಕ್ಕೂ 'ಕೇಳಿಸಿಕೊಳ್ಳು' ಎಂಬ ಒಂದೇ ಬೇರು. ಇನ್ನು ಮಗುವಿಲ್ಲದ ಹನ್ನಳು ದೇವರಲ್ಲಿ ಬೇಡಿ ಪಡೆದವನು ಸಮುವೇಲ. ನಾನು ಕೇಳಿಕೊಂಡು ಪಡೆದೆ, ಅದಕ್ಕೇ ಈ ಹೆಸರು ಎಂದಳು ಅವಳು. ಹೀಬ್ರೂವಿನಲ್ಲಿ ಇವು ಎರಡು ಬೇರೆ ಬೇರೆ ಕ್ರಿಯಾಪದ. ನಮ್ಮ ಕನ್ನಡದಲ್ಲಿ ಎರಡಕ್ಕೂ 'ಕೇಳು' ಒಂದೇ ಸಾಕು: ಅವ್ವ ಕೇಳಿದಳು, ದೇವರು ಕೇಳಿದ.

ಇನ್ನೊಂದು ಸ್ವಾರಸ್ಯ ನಮ್ಮ ಮನೆಯ ಟ್ರಂಕಿನಲ್ಲೇ ಇದೆ. ಬೀದರ್ 1948ರವರೆಗೆ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಆ ಕಾಲದ ಉರ್ದು ಕಾಗದಪತ್ರಗಳಲ್ಲಿ ಒಬ್ಬನ ಹೆಸರಿಗೂ ಅವನ ಅಪ್ಪನ ಹೆಸರಿಗೂ ನಡುವೆ 'ವಲ್ದ್' ಎಂದು ಬರೆಯುತ್ತಿದ್ದರು. ಇವನು ಇಂಥವನ ಮಗ ಎಂದು ಅರ್ಥ. ಈಗ ನಮ್ಮ ಕಡೆ ಅದೇ ಜಾಗದಲ್ಲಿ 'ತಂದೆ' ಎಂದು ಬರೆಯುತ್ತೇವೆ. ಹಳೆ ಮೈಸೂರು ಕಡೆಯ ಪಹಣಿಯಲ್ಲಿ 'ಬಿನ್' ಎಂದಿರುತ್ತದೆ. ಈ 'ವಲ್ದ್' ಅರಬ್ಬಿಯ ವ-ಲ-ದ ಬೇರಿನದು, 'ಹುಟ್ಟು' ಎಂಬ ಅರ್ಥ. ಅದರ ಹೀಬ್ರೂ ರೂಪ ಯ-ಲ-ದ. ಬೈಬಲಿನಲ್ಲಿ ವಂಶಾವಳಿಗೆ ಇರುವ 'ತೋಲೆದೋತ್' ಎಂಬ ಶಬ್ದ ಹುಟ್ಟಿದ್ದು ಅದೇ ಬೇರಿನಿಂದ. 'ಬಿನ್' ಕೂಡ ಹೀಬ್ರೂವಿನ 'ಬೆನ್' ಶಬ್ದದ ಒಡಹುಟ್ಟು, ಎರಡಕ್ಕೂ 'ಮಗ' ಎಂದೇ ಅರ್ಥ. ತಹಶೀಲ್ ಕಚೇರಿಯ ಹಳೆಯ ಕಾಗದವೂ ಆದಿಕಾಂಡದ ವಂಶಾವಳಿಯೂ ಒಂದೇ ಬೇರಿನ ಮಾತಾಡುತ್ತವೆ.

ಕನ್ನಡ ಸತ್ಯವೇದದಲ್ಲಿ ಹೆಸರುಗಳು ಇಂಗ್ಲಿಷ್ ಬೈಬಲಿನಂತಿಲ್ಲ ಎಂಬುದನ್ನೂ ಗಮನಿಸಬಹುದು. ಇಂಗ್ಲಿಷಿನಲ್ಲಿ 'ಜೇಕಬ್' ಆದವನು ಕನ್ನಡದಲ್ಲಿ ಯಾಕೋಬ, ಅಲ್ಲಿನ 'ಈನಕ್' ಇಲ್ಲಿ ಹನೋಕ್. ಇವು ಮೂಲ ಹೀಬ್ರೂ ಉಚ್ಚಾರಕ್ಕೆ ಹತ್ತಿರ. ಬೀದರ್, ಹುಮನಾಬಾದ್ ಕಡೆಯ ಮೆಥೊಡಿಸ್ಟ್ ಕುಟುಂಬಗಳ ಹಿರಿಯರ ಬಾಯಲ್ಲಿ ಕೇಳುವುದು ಈ ಕನ್ನಡ ರೂಪಗಳೇ. ಅವಕ್ಕೆ ನಮ್ಮ 'ಅಪ್ಪ' ಸೇರಿ ದಾವೀದಪ್ಪ ಆದದ್ದೂ ಉಂಟು. ದಾವೀದ ಎಂದರೆ 'ಪ್ರೀತಿಯವನು'.

ಅರ್ಥವನ್ನು ಹಿಂಡಬಾರದು

ಹೆಸರಿನ ಅರ್ಥ ಹುಡುಕುವ ಆಟದಲ್ಲಿ ಒಂದು ಅಪಾಯವೂ ಇದೆ. ಆದಾಮನಿಂದ ನೋಹನವರೆಗಿನ ಹತ್ತು ಹೆಸರುಗಳನ್ನು ಸಾಲಾಗಿ ಓದಿದರೆ ಒಂದು ಗುಪ್ತ ಸಂದೇಶ ಹೊರಡುತ್ತದೆ ಎಂದು ಹೇಳುವವರಿದ್ದಾರೆ. ಕೇಳಲು ರೋಮಾಂಚನವೇ. ಆದರೆ ಒಂದೊಂದೇ ಹೆಸರು ಹಿಡಿದು ನೋಡೋಣ.

ಆದಾಮ ಎಂದರೆ ಮನುಷ್ಯ. ಮಣ್ಣಿಗೆ ಹೀಬ್ರೂವಿನಲ್ಲಿ 'ಅದಾಮಾ' ಎನ್ನುತ್ತಾರೆ, ಮಣ್ಣಿನಿಂದಾದವನು ಆದಾಮ. ಸೇತ್ ಎಂಬ ಹೆಸರಿನ ಕಾರಣವನ್ನು ಅವನ ಅವ್ವ ಹವ್ವಳೇ ಹೇಳುತ್ತಾಳೆ: ಸತ್ತ ಮಗನಿಗೆ ಬದಲಾಗಿ ದೇವರು ನೇಮಿಸಿದವನು. ಎನೋಷ್ ಎಂದರೂ ಮನುಷ್ಯ. ಮಹಲಲೇಲ್ ಎಂದರೆ ದೇವರ ಸ್ತುತಿ. ನೋಹ ಎಂಬುದಕ್ಕೆ ಅವನಪ್ಪ ಕೊಡುವ ಕಾರಣ, ಮಣ್ಣಿನಲ್ಲಿ ದುಡಿದು ದಣಿದ ನಮ್ಮನ್ನು ಇವನು ಸಂತೈಸುತ್ತಾನೆ ಎಂಬುದು. ಇಲ್ಲಿಯವರೆಗೆ ಸರಿ. ಆದರೆ ಲೆಮೆಕ್ ಎಂಬ ಹೆಸರಿಗೆ ಹೀಬ್ರೂವಿನಲ್ಲಿ ಸ್ಪಷ್ಟ ಅರ್ಥವೇ ಸಿಗುವುದಿಲ್ಲ. ಮೆತೂಷೆಲಹ ಎಂಬುದನ್ನು 'ಈಟಿಯವನು' ಎಂದು ಬಿಡಿಸುವುದುಂಟು. ಗುಪ್ತ ಸಂದೇಶ ಹೊರಡಬೇಕಾದರೆ ಇಂಥ ಹೆಸರುಗಳಿಗೆ ಬೇಕಾದ ಅರ್ಥವನ್ನು ಹಚ್ಚಬೇಕಾಗುತ್ತದೆ. ಹಾಗೆ ಹಚ್ಚುವುದಾದರೆ ನಮ್ಮ ಹಾಜರಿ ಪುಸ್ತಕದಿಂದಲೂ ಒಂದು ಸಂದೇಶ ಹೊರಡಿಸಬಹುದು!

ಪುಸ್ತಕವೇ ಬಿಚ್ಚಿ ಹೇಳಿದ ಅರ್ಥ ನಮಗೆ ಸಾಕಷ್ಟಿದೆ. ಮಕ್ಕಳಿಗೆ ಒಗಟು ಬೇಕಿದ್ದರೆ ಇಲ್ಲೊಂದು ನಿಜವಾದ ಲೆಕ್ಕ ಇದೆ. ಮೆತೂಷೆಲಹನಿಗೆ 187 ವರ್ಷವಾದಾಗ ಲೆಮೆಕ್ ಹುಟ್ಟಿದ. ಲೆಮೆಕನಿಗೆ 182 ವರ್ಷವಾದಾಗ ನೋಹ ಹುಟ್ಟಿದ. ನೋಹನಿಗೆ 600 ವರ್ಷವಾದಾಗ ಜಲಪ್ರಳಯ ಬಂತು. ಮೂರನ್ನೂ ಕೂಡಿಸಿ. ಮೆತೂಷೆಲಹ ಬದುಕಿದ್ದು ಒಟ್ಟು 969 ವರ್ಷ ಎಂದು ಅದೇ ಅಧ್ಯಾಯ ಹೇಳುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಆ ಅಜ್ಜ ತೀರಿಕೊಂಡದ್ದು ಯಾವ ವರ್ಷ ಎಂಬುದು ಲೆಕ್ಕದಲ್ಲೇ ಇದೆ.

ನೋವಿನ ಮಗ, ಬಲಗೈ ಮಗ

ಈಗ ನನ್ನನ್ನು ಬಹಳ ಕಾಡಿದ ಎರಡು ಹೆಸರುಗಳಿಗೆ ಬರುತ್ತೇನೆ.

ರಾಹೇಲಳಿಗೆ ಎರಡನೆಯ ಹೆರಿಗೆ. ಪ್ರಯಾಣದ ದಾರಿಯಲ್ಲೇ ನೋವು ಬಂತು. ಜೀವ ಹೋಗುವ ಹೊತ್ತಿನಲ್ಲಿ ಅವಳು ಮಗನಿಗೆ ಬೆನೋನಿ ಎಂದು ಹೆಸರಿಟ್ಟಳು: 'ನನ್ನ ದುಃಖದ ಮಗ'. ಅಪ್ಪ ಯಾಕೋಬ ಆ ಹೆಸರನ್ನು ಹಾಗೆ ಬಿಡಲಿಲ್ಲ. ಬೆನ್ಯಾಮೀನ್ ಎಂದು ಕರೆದ: 'ಬಲಗೈ ಮಗ'. ಅವ್ವನ ಸಾವನ್ನು ಮಗ ಜೀವಮಾನವೆಲ್ಲ ಹೆಸರಾಗಿ ಹೊರಬಾರದು ಎಂದು ಅವನಿಗೆ ಅನಿಸಿತೋ ಏನೋ. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಹೀಬ್ರೂವಿನಲ್ಲಿ 'ಓನ್' ಎಂಬುದಕ್ಕೆ 'ಶಕ್ತಿ' ಎಂಬ ಅರ್ಥವೂ ಉಂಟು. ಇದೇ ಯಾಕೋಬ ಮುಂದೆ ಹಿರಿಮಗ ರೂಬೇನನನ್ನು ತನ್ನ ಶಕ್ತಿಯ ಮೊದಲ ಫಲ ಎಂದು ಕರೆಯುವಾಗ ಬಳಸುವುದು ಆ ಶಬ್ದವನ್ನೇ. ಹಾಗಾಗಿ ಬೆನೋನಿ ಎಂದರೆ 'ನನ್ನ ದುಃಖದ ಮಗ' ಎಂದೂ ಆಗಬಹುದು, 'ನನ್ನ ಶಕ್ತಿಯ ಮಗ' ಎಂದೂ ಆಗಬಹುದು. ಯಾಕೋಬ ಆರಿಸಿಕೊಂಡ ಹೊಸ ಹೆಸರು ಈ ಎರಡನೆಯ ಅರ್ಥಕ್ಕೆ ಹತ್ತಿರ.

ಎರಡನೆಯದು ಯಾಬೇಚ. ಪೂರ್ವಕಾಲವೃತ್ತಾಂತದ ಉದ್ದನೆಯ ಪಟ್ಟಿಯಲ್ಲಿ ಹೆಸರು, ಹೆಸರು, ಹೆಸರು ಎಂದು ಓಡುತ್ತಿರುವ ಬರಹಗಾರ ಇವನ ಬಳಿ ಬಂದಾಗ ಮಾತ್ರ ನಿಲ್ಲುತ್ತಾನೆ. ಬಹಳ ನೋವು ತಿಂದು ಹೆತ್ತೆ ಎಂದು ಅವ್ವ ಇವನಿಗೆ ನೋವನ್ನು ನೆನಪಿಸುವ ಹೆಸರಿಟ್ಟಿದ್ದಳು. ಇವನೋ ನೋವು ನನ್ನನ್ನು ಬಾಧಿಸದಿರಲಿ ಎಂದು ದೇವರಲ್ಲಿ ಬೇಡಿಕೊಂಡ, ಬೇಡಿದ್ದು ದೊರೆಯಿತು, ಅಣ್ಣತಮ್ಮಂದಿರಿಗಿಂತ ಹೆಚ್ಚು ಮಾನ್ಯನಾದ. ಬೆನ್ಯಾಮೀನನ ಹೆಸರನ್ನು ಅಪ್ಪ ಬದಲಿಸಿದ. ಯಾಬೇಚನ ಹೆಸರನ್ನು ಯಾರೂ ಬದಲಿಸಲಿಲ್ಲ, ಅವನು ಆ ಹೆಸರಿನಲ್ಲೇ ಬೇರೆ ಬಾಳು ಬಾಳಿದ.

ಇದು ದೂರದೇಶದ ಹಳೆಯ ಕತೆ ಎಂದು ಯಾರೂ ಅನ್ನುವಂತಿಲ್ಲ. ನಮ್ಮ ಕಡೆ ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರು. ಇದು ಕಸ, ಯಾರಿಗೂ ಬೇಡದ್ದು ಎಂದುಕೊಂಡು ಸಾವು ಮುಂದೆ ಹೋಗಲಿ ಎಂಬ ಉಪಾಯ. ಕೇಳುವವರಿಗೆ ಹೀನಾಯ ಹೆಸರು, ಇಟ್ಟವಳಿಗೆ ಅದು ಕವಚ. ಆದರೆ ಎಲ್ಲ ಹೆಸರಿನ ಹಿಂದೆ ಇಂಥ ಪ್ರೀತಿ ಇರುವುದಿಲ್ಲ. ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದ ಮನೆಯಲ್ಲಿ 'ಇನ್ನು ಸಾಕು' ಎಂದು ಸಾಕವ್ವ ಎಂದಿಟ್ಟವರೂ ಇದ್ದಾರೆ.

ನನ್ನ ಆರನೇ ತರಗತಿಯಲ್ಲಿ ಆ ಹೆಸರಿನ ಒಬ್ಬ ಹುಡುಗಿ ಇದ್ದಳು, ಮನೆಯಲ್ಲಿ ನಾಲ್ಕನೆಯ ಮಗಳು. ನಾನು ಹೆಸರು ಕೂಗಿದಾಗ ಹಿಂದಿನ ಸಾಲಿನ ಹುಡುಗರು "ಸಾಕು ಟೀಚರ್, ಸಾಕು" ಎಂದು ನಗುತ್ತಿದ್ದರು. ಒಂದು ದಿನ ಆಟದ ಪಿರಿಯಡ್‌ನಲ್ಲಿ ಒಬ್ಬಳೇ ಬಂದು, "ಟೀಚರ್, ಹೆಸ್ರು ಬದಲಿ ಮಾಡ್ಲಿಕ್ಕಿ ಬರ್ತದೇನ್ರಿ?" ಎಂದು ಕೇಳಿದಳು.

ಬರುತ್ತದೆ, ಆದರೆ ಮನೆಯವರು ಅರ್ಜಿ ಕೊಡಬೇಕು ಎಂದೆ. ನಂತರ ನಿಘಂಟು ತೆರೆದು ಅವಳ ಮುಂದಿಟ್ಟೆ. 'ಸಾಕು' ಎಂಬುದಕ್ಕೆ ಕನ್ನಡದಲ್ಲಿ ಎರಡು ಅರ್ಥ. ಒಂದು, ಇನ್ನು ಬೇಡ. ಇನ್ನೊಂದು, ಸಲಹು, ಪೋಷಿಸು. ಹಸು ಸಾಕುತ್ತೇವೆ, ಮಕ್ಕಳನ್ನು ಸಾಕುತ್ತೇವೆ. ಸಾಕವ್ವ ಎಂದರೆ ಸಾಕುವ ಅವ್ವ ಎಂದೂ ಆಗುತ್ತದೆ. ಬೆನೋನಿಯ ಕತೆಯನ್ನೂ ಹೇಳಿದೆ. ಅವಳು ನಿಘಂಟಿನ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು, ಏನೂ ಹೇಳದೆ ಆಟಕ್ಕೆ ಓಡಿದಳು.

ಮುಂದಿನ ವಾರ ಅವಳ ಅವ್ವ ಶಾಲೆಗೆ ಬಂದಳು. ಹೆಸರಿನ ಮಾತು ಬಂದಾಗ ತಲೆ ತಗ್ಗಿಸಿ, "ನಾ ಇಟ್ಟಿದ್ದಲ್ರಿ ಟೀಚರ್. ತೊಟ್ಟಲ ಹಾಕೋ ದಿನ ಮನ್ಯಾಗಿನ ಹಿರೇರು ಹಂಗ ಕರದ್ರು. ನಾ ಒಂದಿನನೂ ಆ ಹೆಸ್ರಿಲೆ ಕರದಿಲ್ರಿ, 'ನನ್ನವ್ವ' ಅಂತೀನ್ರಿ" ಎಂದಳು. ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಅವ್ವನ ಬಾಯಲ್ಲಿ ಇನ್ನೊಂದು. ಬೈಬಲಿನ ಆ ಮಗುವಿಗೂ ಹೀಗೆಯೇ ಎರಡು ಹೆಸರಿದ್ದವು. ಅಲ್ಲಿ ದುಃಖದ ಹೆಸರು ಅವ್ವನದು, ಇಲ್ಲಿ ಪ್ರೀತಿಯ ಹೆಸರು ಅವ್ವನದು.

ಎಸ್ಸೆಸ್ಸೆಲ್ಸಿ ಅರ್ಜಿ ತುಂಬುವ ಮೊದಲು, ಈಗ ಬದಲಿಸಬೇಕಾದರೆ ಹೇಳು, ಮುಂದೆ ಕಷ್ಟವಾಗುತ್ತದೆ ಎಂದು ಅವಳನ್ನು ಕರೆದು ಕೇಳಿದೆ. ಅವಳು ಒಂದು ದಿನ ಸಮಯ ತೆಗೆದುಕೊಂಡು, "ಇರ್ಲಿ ಬಿಡ್ರಿ ಟೀಚರ್. ಕೇಳ್ದೋರಿಗಿ ಅರ್ಥ ನಾನೇ ಹೇಳ್ತೀನ್ರಿ" ಎಂದಳು.

ಅದು ಅವಳ ನಿರ್ಧಾರ. ಬದಲಿಸಿಕೊಂಡವರದ್ದೂ ಅಷ್ಟೇ ಸರಿಯಾದ ನಿರ್ಧಾರ. ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ಬೇಡವಾದವಳು' ಎಂಬ ಅರ್ಥದ 'ನಕುಶಾ' ಎಂಬ ಹೆಸರು ಹೊತ್ತ ಹುಡುಗಿಯರಿಗೆ 2011ರ ಅಕ್ಟೋಬರಿನಲ್ಲಿ ಜಿಲ್ಲಾಡಳಿತ ಒಂದು ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟಿತು. ಅಂದು 285 ಹುಡುಗಿಯರು ತಮಗೆ ಬೇಕಾದ ಹೆಸರು ಆರಿಸಿಕೊಂಡರು.

ಐವರು ಅಕ್ಕತಂಗಿಯರ ಪ್ರಶ್ನೆ

ಹೆಣ್ಣುಮಕ್ಕಳ ಹೆಸರಿನ ಮಾತು ಬಂತಲ್ಲ, ಬೈಬಲಿನ ಪಟ್ಟಿಗಳಲ್ಲಿ ಅವರು ಎಲ್ಲಿ? ಬಹಳ ಕಡಿಮೆ ಇದ್ದಾರೆ. ಲೇಯಾಳ ಗಂಡುಮಕ್ಕಳಿಗೆಲ್ಲ ಹೆಸರಿನ ಕಾರಣ ಬರೆದಿದೆ. ಮಗಳು ದೀನಳಿಗೆ ಮಾತ್ರ ಹೆಸರಷ್ಟೇ ಇದೆ, ಕಾರಣವಿಲ್ಲ. 'ದೀನ' ಶಬ್ದದ ಬೇರು 'ನ್ಯಾಯ' ಎಂಬ ಅರ್ಥದ್ದು, ಅಷ್ಟು ಮಾತ್ರ ನಾವು ಬಿಡಿಸಿಕೊಳ್ಳಬಹುದು.

ಆದರೆ ಅರಣ್ಯಕಾಂಡದಲ್ಲಿ ಐವರು ಹೆಣ್ಣುಮಕ್ಕಳು ಪಟ್ಟಿಯನ್ನೇ ಪ್ರಶ್ನೆ ಮಾಡುತ್ತಾರೆ. ಚಲ್ಪಹಾದ ಎಂಬವನಿಗೆ ಗಂಡುಮಕ್ಕಳಿರಲಿಲ್ಲ. ಅವನು ತೀರಿಹೋದ ಮೇಲೆ ಹೊಲ ಹಂಚುವ ಕಾಲ ಬಂತು. ಅವನ ಮಕ್ಕಳು ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಲ್ಲರೂ ಸೇರಿ ಮೋಶೆಯ ಮುಂದೆ ಬಂದು ನಿಂತರು. ಗಂಡುಮಗ ಇಲ್ಲವೆಂಬ ಮಾತ್ರಕ್ಕೆ ನಮ್ಮಪ್ಪನ ಹೆಸರು ಕುಲದಿಂದ ಅಳಿದುಹೋಗಬೇಕೇ, ನಮಗೂ ಪಾಲು ಕೊಡಿ ಎಂದು ಕೇಳಿದರು. ಅವರು ಹೇಳುವುದು ನ್ಯಾಯ ಎಂದು ದೇವರ ಉತ್ತರ ಬಂತು, ಹೊಲ ಸಿಕ್ಕಿತು. ಐವರ ಹೆಸರೂ ಆ ಪುಸ್ತಕದಲ್ಲಿ ಒಂದಲ್ಲ, ಹಲವು ಸಲ ಬರುತ್ತದೆ. ಹೊಗ್ಲಾ ಎಂದರೆ ಕೌಜುಗದ ಹಕ್ಕಿ, ತಿರ್ಚಾ ಎಂದರೆ ಮನಸ್ಸಿಗೆ ಹಿಡಿಸುವವಳು.

ಇದನ್ನು ಓದುವಾಗ ನಮ್ಮ ಪಹಣಿ ನೆನಪಾಗದೆ ಇರದು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿ ತಂದಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ವಂಶಾವಳಿಯಲ್ಲಿ ಮಗಳ ಹೆಸರು ಬರೆಯುವುದು ಬರೀ ಗೌರವದ ಮಾತಲ್ಲ ಎಂಬುದನ್ನು ಚಲ್ಪಹಾದನ ಮಕ್ಕಳು ಚೆನ್ನಾಗಿ ತಿಳಿದಿದ್ದರು. ಇಂದು ತಹಶೀಲ್ ಕಚೇರಿಗೆ ವಂಶವೃಕ್ಷ ಬರೆದುಕೊಡುವಾಗ ಹೆಣ್ಣುಮಕ್ಕಳ ಹೆಸರು ಬಿಡದೆ ಬರೆಸಿರಿ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ.

ಕಲ್ಯಾಣದ ಹೆಸರುಗಳು

ಹೆಸರಿನ ಮಾತಾಡುತ್ತಾ ನಮ್ಮ ತಾಲ್ಲೂಕಿನ ಕಲ್ಯಾಣವನ್ನು ಮರೆಯುವುದುಂಟೇ? 12ನೇ ಶತಮಾನದಲ್ಲಿ ಇಲ್ಲಿ ಕೂಡಿದ ಶರಣರ ಹೆಸರುಗಳನ್ನು ಒಮ್ಮೆ ನೆನಪಿಸಿಕೊಳ್ಳಿ: ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಇವರಲ್ಲಿ ಯಾರ ಹೆಸರಿನ ಮುಂದೆಯೂ ಇಂಥವನ ಮಗ, ಇಂಥವನ ಮಗಳು ಎಂದಿಲ್ಲ. ದೋಣಿ ನಡೆಸುವವನು, ಹಗ್ಗ ಹೊಸೆಯುವವನು, ಅಕ್ಕಿ ಆಯುವವಳು ಎಂದಿದೆ. ಹೆಸರಿಗೆ ಅರ್ಥ ಬಂದದ್ದು ಹುಟ್ಟಿನಿಂದಲ್ಲ, ದಿನಾ ಮಾಡಿದ ಕೆಲಸದಿಂದ. ಹಾಗೆ ನೋಡಿದರೆ ಯಾಬೇಚನೂ ಕಲ್ಯಾಣದ ದಾರಿಯವನೇ.

ಇಷ್ಟು ವರ್ಷ ಹೆಸರು ಕೂಗಿ ನಾನು ಕಂಡುಕೊಂಡದ್ದು ಇಷ್ಟೇ. ಹೆಸರಿನ ಅರ್ಥವನ್ನು ಮೊದಲು ಬರೆಯುವವರು ಇಟ್ಟವರು. ಅವರ ಅಂದಿನ ಹಸಿವು, ಭಯ, ಆಸೆ, ಸಿಟ್ಟು ಎಲ್ಲವೂ ಅದರಲ್ಲಿ ಕೂತಿರುತ್ತದೆ. ಎರಡನೆಯ ಸಲ ಅರ್ಥ ಬರೆಯುವವರು ಆ ಹೆಸರನ್ನು ಹೊತ್ತವರು ಮತ್ತು ಅದನ್ನು ಕರೆಯುವವರು. ಮೊದಲ ಅರ್ಥವನ್ನು ಅಳಿಸಲು ಬರುವುದಿಲ್ಲ, ಆದರೆ ಅದೇ ಕೊನೆಯ ಅರ್ಥವೂ ಅಲ್ಲ. ಹಾಗಾಗಿ ಯಾರದಾದರೂ ಹೆಸರು ಕೇಳಿ ನಗುವ ಮೊದಲು, ಆ ಹೆಸರಿಟ್ಟ ದಿನ ಆ ಮನೆಯಲ್ಲಿ ಏನು ನಡೆದಿತ್ತೋ ಎಂದು ಒಂದು ಗಳಿಗೆ ಯೋಚಿಸಬೇಕು.

ಮಕ್ಕಳೇ, ಈ ಭಾನುವಾರ ನಿಮಗೊಂದು ಕೆಲಸ. ಮನೆಯ ಹಿರಿಯರ ಹತ್ತಿರ ಕುಳಿತು ಮೂರು ಪ್ರಶ್ನೆ ಕೇಳಿ. ನನ್ನ ಹೆಸರು ಯಾರು ಇಟ್ಟರು? ಯಾಕೆ ಇಟ್ಟರು? ಅದಕ್ಕೂ ಮೊದಲು ಬೇರೆ ಯಾವ ಹೆಸರು ಮನಸ್ಸಿನಲ್ಲಿತ್ತು? ಉತ್ತರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆಮೇಲೆ ಮೊದಲು ಪೆನ್ನು ನಿಂತಿತಲ್ಲ, ಆ ಎರಡನೆಯ ಸಾಲು, ಅವ್ವ, ಅವ್ವನ ಅವ್ವ, ಅವಳ ಅವ್ವ, ಅದನ್ನು ಎಷ್ಟು ಮೇಲಕ್ಕೆ ಒಯ್ಯಲು ಆಗುತ್ತದೋ ನೋಡಿ. ಅಜ್ಜಿಯ ಅಜ್ಜಿಯ ಹೆಸರು ಬಲ್ಲವರು ಊರಿನಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಅವರಿಗೂ ವಯಸ್ಸಾಗಿದೆ. ತಡ ಮಾಡದೆ ಕೇಳಿ ಬರೆದುಕೊಳ್ಳಿ.